ಡಚ್ ಪ್ರಜೆಯಾಗುವ ಮುನ್ನ ಮದುವೆಯಾಗಿ: ವಲಸೆ ಇಲಾಖೆಗೊಂದು ಬಹಿರಂಗ ಪತ್ರ

ಆಮ್ಸ್ಟರ್‌ಡ್ಯಾಮ್

ನೆದರ್‌ಲ್ಯಾಂಡ್ಸಿನ ವಲಸೆ ಮತ್ತು ಪೌರತ್ವ ಇಲಾಖೆಯ, ಅಂದರೆ ಎಲ್ಲರ ಬಾಯಲ್ಲಿರುವ ಐಎನ್‌ಡಿಯ, ಮಾನ್ಯ ಅಧಿಕಾರಿಗಳೇ,

ಮದುವೆಗೆ ಮೊದಲು ಜಾತಕ ನೋಡುವುದಕ್ಕೆ ನಮ್ಮಲ್ಲಿ ಕೆಲವರು ನಾಚತೊಡಗಿದ್ದರು. ನೀವು ಆ ನಾಚಿಕೆ ಬಿಡಿಸಿದಿರಿ. ನಮ್ಮ ಜೋಯಿಸರು 36 ಗುಣ ಎಣಿಸುತ್ತಾರೆ. ನೀವು ವಯಸ್ಸು, ಸಂಬಳ, ಪಾಸ್‌ಪೋರ್ಟು, ಪರೀಕ್ಷೆಯ ಫಲಿತಾಂಶ ಎಣಿಸುತ್ತೀರಿ. ಒಂದೇ ವ್ಯತ್ಯಾಸ: ಜೋಯಿಸರು ಎಲ್ಲ ವರರಿಗೂ ಒಂದೇ ಪಂಚಾಂಗ ತೆರೆಯುತ್ತಾರೆ, ನೀವು ವರನ ಮುಖ ನೋಡಿ ಪಂಚಾಂಗ ಬದಲಿಸುತ್ತೀರಿ. ನಮ್ಮ ತಕರಾರು ಅಷ್ಟಕ್ಕೇ.

ಧಾರವಾಡದಲ್ಲಿ ನಿಶ್ಚಿತಾರ್ಥವಾದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಅವಳ ಓದು, ನಡತೆ, ಪ್ರೀತಿ ಯಾವುದನ್ನೂ ಬದಲಿಸದೆ ಆಮ್ಸ್ಟರ್‌ಡ್ಯಾಮಿನ ವರನನ್ನು ಮಾತ್ರ ಬದಲಿಸೋಣ. ಮೊದಲನೆಯವನು ಡಚ್ ಪ್ರಜೆ. ಇಬ್ಬರಿಗೂ 21 ತುಂಬಿರಬೇಕು, ಅವನಿಗೆ ಕನಿಷ್ಠ ವೇತನದಷ್ಟು ಭದ್ರವಾದ ಆದಾಯ ಇರಬೇಕು. ಅವಳು ವಿಮಾನ ಹತ್ತುವ ಮೊದಲೇ ಡಚ್ ಓದು, ಡಚ್ ಮಾತು, ಡಚ್ ಸಮಾಜದ ಪರಿಚಯ ಎಂಬ ಮೂರು ಪತ್ರಿಕೆಗಳಿಗೆ 150 ಯೂರೊ ಕಟ್ಟಿ ಪಾಸಾಗಬೇಕು. ಆಮೇಲೆ ಅರ್ಜಿ, ಅದಕ್ಕೆ ನಿಮ್ಮ 90 ದಿನಗಳ ಗಡುವು. ಎರಡನೆಯವನು ಆಮ್‌ಸ್ಟೆಲ್‌ವೇನಿನಲ್ಲಿ ಬಾಡಿಗೆಗಿರುವ, ಭಾರತದ ಪಾಸ್‌ಪೋರ್ಟಿನ ಸಾಫ್ಟ್‌ವೇರ್ ಇಂಜಿನಿಯರು. 2004ರಿಂದ ನಡೆಯುತ್ತಿರುವ ‘ಕೆನ್ನಿಸ್‌ಮಿಗ್ರಾಂಟ್’ ಎಂಬ ನುರಿತ ವಲಸಿಗರ ಯೋಜನೆಯಲ್ಲಿ ಬಂದವನು. 2025ರ ಲೆಕ್ಕದಲ್ಲಿ ವಯಸ್ಸು 30 ಆಗಿದ್ದರೆ ಅವನ ತಿಂಗಳ ಸಂಬಳ 5,688 ಯೂರೊ, ಇನ್ನೂ ಚಿಕ್ಕವನಾದರೆ 4,171 ಯೂರೊ ಮುಟ್ಟಬೇಕಿತ್ತು. ಮುಟ್ಟಿದರೆ ಅದೇ ಧಾರವಾಡದ ಹುಡುಗಿಗೆ ಪರೀಕ್ಷೆಯೇ ಇಲ್ಲ. ಬಂದಿಳಿದ ಮೇಲೆ ಇಷ್ಟವಾದ ಕೆಲಸಕ್ಕೂ ಸೇರಬಹುದು. ಮೂರನೆಯವನು ಇಲ್ಲೇ ದುಡಿಯುವ ಇಟಲಿಯವನು. ಅವನನ್ನು ಮದುವೆಯಾಗಿ ಬಂದರೆ ಅವಳಿಗೆ ಯೂರೋಪಿಯನ್ ಒಕ್ಕೂಟದ 2004ರ ನಿರ್ದೇಶನದ ರಕ್ಷಣೆ: ಪರೀಕ್ಷೆಯಿಲ್ಲ, 21ರ ಕಟ್ಟಳೆಯೂ ಇಲ್ಲ. ಮೂವರಲ್ಲಿ ಅತ್ಯಂತ ನತದೃಷ್ಟ ಯಾರು? ತನ್ನ ಸ್ವಂತ ದೇಶದಲ್ಲಿ ಕುಳಿತಿರುವ ಡಚ್ಚನೇ.

ಇದರ ರುಚಿ ನಮ್ಮ ಇಂಜಿನಿಯರುಗಳಿಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಐದು ವರ್ಷ ತೆರಿಗೆ ಕಟ್ಟಿ, ಡಚ್ ಕಲಿತು, ಪರೀಕ್ಷೆ ಮುಗಿಸಿ ಅವನು ನಿಮ್ಮ ಪ್ರಜೆಯಾಗುತ್ತಾನೆ. ಭಾರತ ಎರಡು ಪೌರತ್ವ ಒಪ್ಪದ ಕಾರಣ ಹಳೆಯ ಪಾಸ್‌ಪೋರ್ಟನ್ನೂ ಒಪ್ಪಿಸುತ್ತಾನೆ. ಆಮೇಲೆ ಊರಲ್ಲಿ ಹೆಣ್ಣು ನೋಡಿದರೆ ಆ ಹುಡುಗಿ ಪರೀಕ್ಷೆ ಬರೆಯಬೇಕು. ನಿನ್ನೆಯವರೆಗೆ ವೀಸಾದ ಮೇಲಿದ್ದಾಗ ಅವನಿಗಿದ್ದ ಸೌಲಭ್ಯ, ನಿಮ್ಮವನಾದ ದಿನ ಕೈಬಿಟ್ಟಿತು. ನಿಷ್ಠೆಗೆ ಇಷ್ಟು ಚುರುಕಾಗಿ ದಂಡ ವಿಧಿಸುವ ಆಡಳಿತ ಅಪರೂಪ.

ಮದುವೆಯಾಗಿ ಬರಬೇಕೋ, ಬಂದು ಆಗಬೇಕೋ ಎಂಬ ಪ್ರಶ್ನೆಯನ್ನೂ ನೀವು ಸುಮ್ಮನೆ ಬಿಟ್ಟಿಲ್ಲ. ಮದುವೆಯಾಗದ ಜೋಡಿಗೂ ಇಲ್ಲಿ ಜಾಗವಿದೆ. ಅದು ನಿಮ್ಮ ದೊಡ್ಡತನ. ಆದರೆ 2012ರ ಅಕ್ಟೋಬರಿನಲ್ಲಿ ಮದುವೆ ಅಥವಾ ನೋಂದಾಯಿತ ಸಂಗಾತಿತನ ಇಲ್ಲದಿದ್ದರೆ ಬಾಗಿಲಿಲ್ಲ ಎಂದಿರಿ, 2013ರ ಏಪ್ರಿಲಿನಲ್ಲಿ ಮತ್ತೆ ತೆರೆದಿರಿ. ಪ್ರೀತಿಯ ಸ್ವಭಾವ ಆ ಆರು ತಿಂಗಳಲ್ಲಿ ಬದಲಾಗಿರಲಾರದು. ಬದಲಾದದ್ದು ಹೇಗ್ ನಗರದ ರಾಜಕೀಯ.

ಭಾಷೆ ಬಾರದೆ ಬಂದವಳು ಮನೆಯೊಳಗೇ ಉಳಿಯುತ್ತಾಳೆ, ಪರೀಕ್ಷೆ ಅವಳ ಒಳಿತಿಗೇ ಎನ್ನುತ್ತೀರಿ. ಕಾಳಜಿ ದೊಡ್ಡದು. ಆದರೆ ಪರೀಕ್ಷೆಯಿಂದ ವಿನಾಯಿತಿ ಪಡೆದ ಅಮೆರಿಕ, ಜಪಾನ್, ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾದ ವಧುಗಳಿಗೆ ಈ ಕಾಳಜಿ ಏಕೆ ಬೇಡ? ಜಪಾನಿನವಳು ಹುಟ್ಟುತ್ತಲೇ ಡಚ್ ಮಾತಾಡುತ್ತಾಳೆಯೇ? ಈ ಪರೀಕ್ಷೆ ತಂದ 2006ರ ಕಾನೂನಿನ ತಾರತಮ್ಯವನ್ನು 2008ರಲ್ಲೇ ಹ್ಯೂಮನ್ ರೈಟ್ಸ್ ವಾಚ್ ಎತ್ತಿ ತೋರಿಸಿತ್ತು. ಇಂಜಿನಿಯರು ನಾಲ್ಕು ದಿನದ ಅತಿಥಿ, ಅವನ ಹೆಂಡತಿಗೆ ಭಾಷೆ ಏಕೆ ಎನ್ನುವಿರಾ? ಅದೇ ಅತಿಥಿಗೆ ಐದು ವರ್ಷದ ನಂತರ ಪೌರತ್ವ ಕೊಡುವವರೂ ನೀವೇ. ಇನ್ನೊಂದು ಸಂಗತಿ: 2022ರಲ್ಲಿ ಜಾರಿಗೆ ಬಂದ ಸಮಾಜ ಸೇರ್ಪಡೆ ಕಾನೂನಿನ ಪ್ರಕಾರ ಡಚ್ಚನ ಹೆಂಡತಿ ಇಲ್ಲಿ ಬಂದ ಮೇಲೂ ಮೂರು ವರ್ಷದೊಳಗೆ, ಸಾಮಾನ್ಯವಾಗಿ ಬಿ1 ಮಟ್ಟಕ್ಕೆ, ಭಾಷೆ ಕಲಿಯಲೇಬೇಕು. ಆಮ್ಸ್ಟರ್‌ಡ್ಯಾಮಿನ ಟ್ರ್ಯಾಮು, ಅಂಗಡಿ, ನೆರೆಮನೆಗಳ ನಡುವೆ ಬಿ1 ಕಲಿಯುವವಳನ್ನು ಧಾರವಾಡದಲ್ಲಿ ಆರಂಭಿಕ ಎ1 ಮಟ್ಟಕ್ಕಾಗಿ ತಡೆದು ನಿಲ್ಲಿಸುವುದು ಕಲಿಕೆಗಲ್ಲ, ಜರಡಿ ಹಿಡಿಯುವುದಕ್ಕೆ. ಹಿಂದೆ ಈ ಪರೀಕ್ಷೆಗೆ 350 ಯೂರೊ, ತಯಾರಿಯ ಪೊಟ್ಟಣಕ್ಕೆ 110 ಯೂರೊ ಇತ್ತು. ಇಂಥ ವೆಚ್ಚ ಕುಟುಂಬ ಒಂದಾಗುವುದನ್ನು ವಿಪರೀತ ಕಷ್ಟವಾಗಿಸಬಹುದು ಎಂದು 2015ರ ಜುಲೈ 9ರಂದು ಯೂರೋಪಿಯನ್ ನ್ಯಾಯಾಲಯವೇ ಹೇಳಬೇಕಾಯಿತು. ಪರೀಕ್ಷೆ ಇಡಬಾರದು ಎಂದು ಅದು ಹೇಳಲಿಲ್ಲ, ನಿಜ. ಪ್ರತಿಯೊಬ್ಬರ ಪರಿಸ್ಥಿತಿ ನೋಡಿ ನಡೆದುಕೊಳ್ಳಿ ಎಂದಿತು. ಆದಾಯದ ವಿಷಯದಲ್ಲೂ ಅಷ್ಟೇ: ಕನಿಷ್ಠ ವೇತನದ ಶೇಕಡಾ 120ರಷ್ಟು ಕೇಳುತ್ತಿದ್ದ ನಿಮ್ಮನ್ನು ಅದೇ ನ್ಯಾಯಾಲಯದ 2010ರ ಶಕ್ರೂನ್ ತೀರ್ಪು ತಡೆಯಿತು.

ಬಲವಂತದ ಮದುವೆ, ಸುಳ್ಳು ಮದುವೆ ತಡೆಯಬೇಡವೇ ಎಂಬುದು ಎರಡನೆಯ ಆಕ್ಷೇಪ. ತಡೆಯಲೇಬೇಕು. ಆದರೆ 21ರ ಕಟ್ಟಳೆ ನಿಜಕ್ಕೂ ಹುಡುಗಿಯ ರಕ್ಷಣೆಗಾಗಿ ಇದ್ದರೆ, ಅದೇ ವಯಸ್ಸಿನವಳು ಇಟಲಿಯವನ ಕೈಹಿಡಿದಾಗ ಆ ರಕ್ಷಣೆ ಎಲ್ಲಿ ಹೋಯಿತು? ಸುಳ್ಳು ಮದುವೆ ಹಿಡಿಯಲು ದಾಖಲೆಗಳ ಪರಿಶೀಲನೆ, ಇಬ್ಬರ ವಿಚಾರಣೆ ಇವೆ. ಸಂಬಳದ ಚೀಟಿ ವರನ ಕಿಸೆಯನ್ನು ತೋರಿಸುತ್ತದೆ, ಮನಸ್ಸನ್ನಲ್ಲ.

ನಿಯಮ ಬಿಗಿ ಮಾಡಿದಷ್ಟೂ ಜನ ಸುತ್ತು ದಾರಿ ಹುಡುಕುತ್ತಾರೆ. ಡಚ್ಚರು ಅದಕ್ಕೆ ‘ಬೆಲ್ಜಿಯಂ ದಾರಿ’ ಎಂದು ಹೆಸರೂ ಇಟ್ಟಿದ್ದಾರೆ: ಗಡಿ ದಾಟಿ ಆಂಟ್ವರ್ಪಿನಲ್ಲಿ ಜೋಡಿಯಾಗಿ ಸಂಸಾರ ಹೂಡಿ, ಆಮೇಲೆ ಯೂರೋಪಿಯನ್ ಕಾನೂನಿನ ಬಲದಿಂದ ತವರಿಗೆ ಮರಳುವುದು. ಈ ದಾರಿ ತೆರೆದದ್ದು ಯೂರೋಪಿಯನ್ ನ್ಯಾಯಾಲಯದ 1992ರ ಸುರಿಂದರ್ ಸಿಂಗ್ ಪ್ರಕರಣ. ಭಾರತದ ಪ್ರಜೆಯೊಬ್ಬ ಬ್ರಿಟಿಷ್ ಹೆಂಡತಿಯೊಂದಿಗೆ ಜರ್ಮನಿಯಲ್ಲಿ ದುಡಿದು ಬ್ರಿಟನ್ನಿಗೆ ಮರಳಿದಾಗ ಎದ್ದ ವ್ಯಾಜ್ಯ. ವಾರಾಂತ್ಯದ ಭೇಟಿ ಸಾಲದು, ಮೂರು ತಿಂಗಳಿಗೂ ಮೀರಿದ ನಿಜವಾದ ವಾಸ ಬೇಕು ಎಂದು 2014ರಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಿತು. ಹೀಗೆ, ಕಾಸಿದ್ದವನಿಗೆ, ರಜೆ ಸಿಗುವವನಿಗೆ ಬೆಲ್ಜಿಯಂ ಇದೆ. ಸೂಪರ್‌ಮಾರ್ಕೆಟ್ಟಿನಲ್ಲಿ ಕಪಾಟು ತುಂಬುವ ಡಚ್ ಹುಡುಗನಿಗೆ ಪರೀಕ್ಷೆ, ಗಡುವು, ಕಾಯುವಿಕೆ. ಸ್ವಂತ ಪ್ರಜೆಯೊಬ್ಬ ಹೆಂಡತಿಯ ಜೊತೆ ಬಾಳಲು ದೇಶ ಬಿಡಬೇಕೆಂದರೆ, ಕಾವಲು ಯಾರಿಗೆ?

ಆದ್ದರಿಂದ ನಮ್ಮ ಕೋರಿಕೆ ಚಿಕ್ಕದು. ಭಾಷೆ ಬೇಕೆಂದರೆ ಎಲ್ಲರಿಂದಲೂ ಕೇಳಿ, ಬಂದ ಮೇಲೆ ಕೇಳಿ, ಕಲಿಸಿ ಕೇಳಿ. ಬೇಡವೆಂದರೆ ಯಾರಿಂದಲೂ ಬೇಡ. ಅಲ್ಲಿಯವರೆಗೆ ಕರ್ನಾಟಕದ ಹೆಣ್ಣು ಹೆತ್ತವರಿಗೆ ನಾವು ಕೊಡುವ ಸಲಹೆ ಇದು: ಹುಡುಗ ಡಚ್ ಪ್ರಜೆ ಎಂದು ವರನ ಕಡೆಯವರು ಎದೆಯುಬ್ಬಿಸಿದರೆ ಎರಡು ಸಲ ಯೋಚಿಸಿ, ಇನ್ನೂ ವೀಸಾದ ಮೇಲೇ ಇದ್ದಾನೆ ಎಂದರೆ ಕೂಡಲೇ ತಾಂಬೂಲ ಬದಲಾಯಿಸಿ.

ಇಂತಿ ನಿಮ್ಮ ವಿಧೇಯ,
ಒಬ್ಬ ಕನ್ನಡಿಗ