ಒಂದು ಹಳದಿ ಗುಜರಿಯ ಸಹವಾಸ

ಅಡುಗೆಮನೆಯ ನಲ್ಲಿಗೆ ನೆಟ್ಟಗೆ ಒಂದು ವಾಷರ್ ಹಾಕಲು ಬಾರದ ಗಂಡಸು, ಐವತ್ತು ವರ್ಷ ಹಳೆಯ ಯಂತ್ರವೊಂದನ್ನು ರಿಪೇರಿ ಮಾಡುತ್ತೇನೆಂದು ಮನೆಗೆ ತಂದರೆ ಕಟ್ಟಿಕೊಂಡವಳು ಏನನ್ನಬೇಕು? ನನ್ನವಳು ಹೆಚ್ಚೇನೂ ಅನ್ನಲಿಲ್ಲ. ಗ್ಯಾರೇಜಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, "ರೀ, ಇದನ್ನ ತಗೊಂಡು ಹೋಗೋಕೆ ಅವರು ನಿಮಗೆ ದುಡ್ಡು ಕೊಟ್ಟರೋ, ನೀವೇ ಕೊಟ್ಟಿರೋ?" ಎಂದು ಕೇಳಿ ಒಳಗೆ ಹೋದಳು. ಕೊಟ್ಟವನು ನಾನೇ. ಎಷ್ಟೆಂದು ಇವತ್ತಿಗೂ ಬಾಯಿಬಿಟ್ಟಿಲ್ಲ. ನೀವೂ ಕೇಳಬೇಡಿ.

ಯಂತ್ರವೆಂದರೆ ಸ್ನೋಮೊಬೈಲು. ನಾವಿರುವುದು ಮಿನ್ನೆಸೋಟದಲ್ಲಿ. ಇಲ್ಲಿ ವರ್ಷಕ್ಕೆ ಎರಡೇ ಕಾಲ: ಹಿಮ ಬೀಳುವ ಕಾಲ, ಹಿಮ ಬೀಳುತ್ತದೆಂದು ಹೆದರುವ ಕಾಲ. ಊರಿನಿಂದ ಬಂದವರಿಗೆ ಸ್ನೋಮೊಬೈಲನ್ನು ಹೀಗೆ ವಿವರಿಸುತ್ತೇನೆ: ಮುಂದಿನಿಂದ ನೋಡಿದರೆ ಚಕ್ರದ ಬದಲು ಎರಡು ಹಲಗೆ ಕಟ್ಟಿಕೊಂಡ ಸ್ಕೂಟರು, ಹಿಂದಿನಿಂದ ನೋಡಿದರೆ ಯುದ್ಧದ ಟ್ಯಾಂಕಿನ ಮರಿ. ಗೇರಿಲ್ಲ, ಕ್ಲಚ್ ಹಿಡಿಯಿಲ್ಲ. ಎಂಜಿನ್ನಿನ ಶಕ್ತಿ, ನಮ್ಮ ಹಿಟ್ಟಿನ ಗಿರಣಿಯಲ್ಲಿ ಇರುತ್ತಲ್ಲ, ಅಂಥದ್ದೇ ಒಂದು ಬೆಲ್ಟಿನ ಮೂಲಕ ಕೆಳಗಿನ ರಬ್ಬರ್ ಪಟ್ಟಿಗೆ ಹೋಗುತ್ತದೆ. ಪಟ್ಟಿ ಸುತ್ತುತ್ತದೆ, ಹಿಮ ಹಿಂದೆ ಹಾರುತ್ತದೆ, ಸವಾರ ಮುಂದೆ ಹೋಗುತ್ತಾನೆ. ಹೋಗಬೇಕು ಅಂತ ನಿಯಮ.

ನನ್ನದು 1971ರ ಸ್ಕೀ-ಡೂ ಒಲಿಂಪಿಕ್. ಮೈಯೆಲ್ಲ ಅರಿಸಿನದ ಬಣ್ಣ. ಆಗಿನ ಹುಚ್ಚು ಸಾಮಾನ್ಯದ್ದಲ್ಲ. ನೂರಕ್ಕೂ ಹೆಚ್ಚು ಕಂಪನಿಗಳು ಸ್ನೋಮೊಬೈಲು ತಯಾರಿಸುತ್ತಿದ್ದವಂತೆ. ಅದರಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿದವು. ಅವುಗಳ ಸಂತಾನವೆಲ್ಲ ಈಗ ಇಲ್ಲಿನ ರೈತರ ಕೊಟ್ಟಿಗೆಗಳಲ್ಲಿ ಹುಲ್ಲಿನ ಉಂಡೆಗಳ ಹಿಂದೆ ಮಲಗಿದೆ. ನನ್ನದೂ ಅಲ್ಲೇ ಸಿಕ್ಕಿದ್ದು. ಸೀಟು ಬಿಚ್ಚಿದರೆ ಒಳಗಿನ ಸ್ಪಂಜಿನಲ್ಲಿ ಇಲಿಗಳ ಅವಿಭಕ್ತ ಕುಟುಂಬ. ಗಣಪತಿಯ ವಾಹನ ನನ್ನ ವಾಹನದೊಳಗೆ ವಾಸವಾಗಿರುವುದು ಶುಭಶಕುನವೇ ಎಂದು ನನ್ನವಳಿಗೆ ಹೇಳಿ ನೋಡಿದೆ. ಅವಳು ಪೊರಕೆ ತಂದುಕೊಟ್ಟಳು.

ಪಕ್ಕದ ಮನೆಯಲ್ಲಿ ಬೇಸಾಯ ಬಿಟ್ಟು ಕೂತಿರುವ ಒಬ್ಬ ಹಿರಿಯರಿದ್ದಾರೆ. ಅವರೇ ನನ್ನ ಗುರುಗಳು. ಪಿಸ್ಟನ್ ಸಿಲಿಂಡರಿನೊಳಗೆ ಜಾಮ್ ಆಗಿ ಕೂತಿತ್ತು. ಎಂಜಿನ್ನಿಗೆ ಕಿವಿಯಾನಿಸಿ, "ಸತ್ತಿಲ್ಲ, ನಿದ್ದೆ ಮಾಡ್ತಿದೆ" ಅಂದರು. ಪ್ಲಗ್ ಬಿಚ್ಚಿ, ಕಿವಿನೋವಿಗೆ ಅಜ್ಜಿ ಎಣ್ಣೆ ಬಿಡುತ್ತಿದ್ದಳಲ್ಲ, ಹಾಗೆ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟೆವು. ದಿನಾ ಸಂಜೆ ಪಾನಾ ಹಾಕಿ ಮೆಲ್ಲಗೆ ಅಲುಗಿಸುವುದು, ಕಾಫಿ ಕುಡಿಯುವುದು, ಮನೆಗೆ ಹೋಗುವುದು. ಒಂಬತ್ತನೆಯ ದಿನ ಒಂದು ಕೂದಲೆಳೆಯಷ್ಟು ಅಲುಗಿತು. ಕಾರ್ಬೊರೇಟರಿನದು ಇನ್ನೊಂದು ಪುರಾಣ. ಟಿಲಟ್‌ಸನ್ ಕಂಪನಿಯದು, ಒಳಗೊಂದು ತೆಳ್ಳನೆಯ ಪೊರೆ ಮಿಡಿದು ಪೆಟ್ರೋಲು ಎಳೆಯಬೇಕು. ನಮ್ಮದು ಒಣಗಿದ ಹಪ್ಪಳವಾಗಿತ್ತು.

ಹೊಸ ಪೊರೆಗಾಗಿ ಸೆಪ್ಟೆಂಬರಿನಲ್ಲಿ ನಾರ್ತ್ ಬ್ರಾಂಚಿನ 'ಹೇ ಡೇಸ್'ಗೆ ಹೋದೆವು. ಅದೊಂದು ಜಾತ್ರೆ. ಹಿಮವೇ ಇಲ್ಲದ ಹುಲ್ಲಿನ ಮೇಲೆ ಸ್ನೋಮೊಬೈಲುಗಳ ಓಟ. ಪಕ್ಕದಲ್ಲೇ ಹಳೆಯ ಸಾಮಾನಿನ ಸಂತೆ. ಸಂತೆಯಲ್ಲಿ ಬದನೆಕಾಯಿ ಹಿಚುಕಿ ನೋಡುವಂತೆ ಜನ ತುಕ್ಕು ಹಿಡಿದ ಸ್ಪ್ರಿಂಗುಗಳನ್ನು ಹಿಚುಕಿ ನೋಡುತ್ತಿದ್ದರು. ಪೊರೆ ಸಿಕ್ಕಿತು. ಅದರ ಹಿಂದೆಯೇ ಇನ್ನೊಂದು ಸ್ನೋಮೊಬೈಲೂ ಬಂತು, ಬಿಡಿಭಾಗಕ್ಕೆ ಬೇಕಾಗುತ್ತದೆಂದು. ಸಂಗ್ರಾಹಕರು ಹುಟ್ಟುವುದು ಹೀಗೆಯೇ. ಹಿಂದೆ ಒಬ್ಬ ಸನ್ಯಾಸಿ ಕೌಪೀನ ಕಡಿಯುವ ಇಲಿಗೆಂದು ಬೆಕ್ಕು ಸಾಕಿ, ಬೆಕ್ಕಿಗೆಂದು ಹಸು ಕಟ್ಟಿ, ಕೊನೆಗೆ ಸಂಸಾರಿಯಾದನಲ್ಲ, ನನ್ನ ಕಥೆಯೂ ಇಲಿಯಿಂದಲೇ ಶುರುವಾದದ್ದು.

ಪಾನಾ ಹಿಡಿದವನಿಗೆ ಇದನ್ನು ಮೊದಲು ಮಾಡಿದವನು ಯಾರಪ್ಪಾ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬೈಯುವುದಕ್ಕಾದರೂ ಒಂದು ಹೆಸರು ಬೇಕಲ್ಲ. ಹುಡುಕಿದರೆ ಬೈಯುವ ಮನಸ್ಸೇ ಆಗಲಿಲ್ಲ. ವಿಸ್ಕಾನ್ಸಿನ್ನಿನ ಸೇನರ್ ಎಂಬ ಹಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಕಾರ್ಲ್ ಎಲಿಯಾಸನ್‌ಗೆ ಕಾಲು ಸರಿಯಿರಲಿಲ್ಲ. ಬೇಟೆಗೆ ಹೋಗುವ ಗೆಳೆಯರ ಜೊತೆ ಹಿಮದಲ್ಲಿ ಹೆಜ್ಜೆ ಹಾಕಲು ಆಗುತ್ತಿರಲಿಲ್ಲ. 1924ರಲ್ಲಿ ಸೈಕಲ್ಲಿನ ಭಾಗ, ದೋಣಿಯ ಮೋಟರು, ಹಳೆಯ ಫೋರ್ಡ್ ಕಾರಿನ ರೇಡಿಯೇಟರಿನ ತುಂಡು ಸೇರಿಸಿ ಒಂದು ಓಡುವ ಜಾರುಬಂಡಿ ಮಾಡಿಕೊಂಡ. ಕ್ವಿಬೆಕ್‌ನ ವಾಲ್‌ಕೋರ್ಟ್ ಊರಿನ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ ಹುಡುಗನಾಗಿದ್ದಾಗಲೇ ಎಂಜಿನ್ನಿಗೆ ಮರದ ಫ್ಯಾನು ಕಟ್ಟಿ ಹಿಮದಲ್ಲಿ ಓಡಿಸಿ ಅಪ್ಪನಿಂದ ಬೈಸಿಕೊಂಡವನು. 1934ರ ಚಳಿಗಾಲದಲ್ಲಿ ಅವನ ಪುಟ್ಟ ಮಗನಿಗೆ ಅಪೆಂಡಿಸೈಟಿಸ್ ಆಯಿತು. ದಾರಿಯೆಲ್ಲ ಹಿಮ, ಆಸ್ಪತ್ರೆ ಮುಟ್ಟಲಾಗಲಿಲ್ಲ. ಮಗು ಉಳಿಯಲಿಲ್ಲ. ಮೂರು ವರ್ಷದ ನಂತರ ಅವನು ಹಿಮದ ಮೇಲೆ ಏಳು ಜನರನ್ನು ಹೊತ್ತೊಯ್ಯುವ ಬಂಡಿಯನ್ನು ಮಾರಾಟಕ್ಕೆ ಬಿಟ್ಟ. ನನ್ನ ಹಳದಿ ಗಾಡಿ ಅದೇ ಮನೆತನದ್ದು. 1959ರಲ್ಲಿ ಬಂದ ಸ್ಕೀ-ಡೂವಿನ ಮೊಮ್ಮಗು. ನಮ್ಮ ರಾಜ್ಯದ ರೋಸೋದಲ್ಲಿ 1956ರಲ್ಲಿ ಪೊಲಾರಿಸ್‌ನ ಮೊದಲ ಗಾಡಿಗೆ ಷೆವ್ರೊಲೆ ಕಾರಿನ ಬಂಪರು ಹಲಗೆಯಾಯಿತು. ಕಾರ್ಖಾನೆಯವರಿಗೆ ಸಂಬಳ ಕೊಡಬೇಕೆಂದು ಅದನ್ನೂ ಮಾರಿಬಿಟ್ಟರಂತೆ. ಕುಂಟುವ ಕಾಲು, ಸತ್ತ ಮಗು, ಬಾಕಿ ಸಂಬಳ: ಅವರೆಲ್ಲರಿಗೂ ಒಂದೊಂದು ಕಾರಣವಿತ್ತು. ನನಗೆ?

ಏನು ಹೇಳುತ್ತಿದ್ದೆ? ಹಾಂ, ಗಾಡಿ. ಅದು ಮೊದಲು ಓಡಿದ್ದು 2023ರ ಮಾರ್ಚಿನಲ್ಲಿ, ಇದ್ದ ಹಳೆಯ ಪೊರೆಗೇ ತೇಪೆ ಹಾಕಿದ್ದಾಗ. ಬಾವಿ ನೀರು ಸೇದುವಂತೆ ಹಗ್ಗ ಎಳೆದು ಎಳೆದು, ಹತ್ತೊಂಬತ್ತನೆಯ ಸಲಕ್ಕೆ ಎಂಜಿನ್ ಕೆಮ್ಮಿ ಎದ್ದಿತು. ಹತ್ತಿ ಕೂತೆ. ಎಕ್ಸಲರೇಟರಿನ ತಂತಿ ಚಳಿಗೆ ಹೆಪ್ಪುಗಟ್ಟಿ ಹಿಡಿದುಕೊಂಡದ್ದು ಗಾಡಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಮೊದಲ ತಿರುವಿನಲ್ಲಿ ನಾನು ಹಿಮಕ್ಕೆ ಬಿದ್ದೆ. ಗಾಡಿ ಹಗ್ಗ ಬಿಚ್ಚಿದ ಕರುವಿನ ಹಾಗೆ ಒಂಟಿಯಾಗಿ ಓಡಿ ಗುರುಗಳ ಸೌದೆ ರಾಶಿಗೆ ಗುದ್ದಿ ನಿಂತಿತು. ಬಾನೆಟ್ಟು ಸೀಳಿತು. ನನ್ನ ಮಾನ ಅದಕ್ಕಿಂತ ಮೊದಲೇ ಸೀಳಿತ್ತು. ಆ ಬೇಸಿಗೆಯೆಲ್ಲ ಎಲ್ಲವನ್ನೂ ಮತ್ತೆ ಬಿಚ್ಚಿ, ಉಜ್ಜಿ, ಬಣ್ಣ ಹೊಡೆದು, ಹೊಸ ಪೊರೆ ಕೂರಿಸಿ, ನವೆಂಬರಿಗೆ ಗಾಡಿಯನ್ನು ಮದುಮಗಳಂತೆ ಸಿಂಗರಿಸಿ ನಿಲ್ಲಿಸಿದೆವು.

ಹಿಮ ಬರಲಿಲ್ಲ. ಆ ಚಳಿಗಾಲ ಮಿನ್ನೆಸೋಟದ ದಾಖಲೆಯಲ್ಲೇ ಅತಿ ಬೆಚ್ಚಗಿನದಂತೆ. ಕ್ರಿಸ್‌ಮಸ್ಸಿಗೆ ಮಳೆ ಬಂತು. ಮಳೆಗೆ ಕಾಯುವ ರೈತನನ್ನು ಕಂಡಿದ್ದೆ. ಹಿಮಕ್ಕೆ ಕಾಯುವ ಮೈಸೂರಿನವನನ್ನು ಕನ್ನಡಿಯಲ್ಲೇ ಮೊದಲು ಕಂಡದ್ದು.

ಜನವರಿಯ ಒಂದು ಸಂಜೆ ತಡೆಯಲಾರದೆ ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದು, ಪೆಟ್ರೋಲಿಗೆ ಆಯಿಲ್ ಬೆರೆಸಿ, ಹಗ್ಗ ಎಳೆದೆ. ಎರಡನೇ ಎಳೆತಕ್ಕೇ ಎದ್ದಿತು. ನೀಲಿ ಹೊಗೆ ಎದ್ದು, ಸುಟ್ಟ ಆಯಿಲಿನ ಆ ಘಾಟು ಮೂಗಿಗೆ ಬಡಿಯಿತು. ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ಓಡಿಸಿದವರಿಗೆ ಆ ವಾಸನೆಯನ್ನು ಬಿಡಿಸಿ ಹೇಳಬೇಕಿಲ್ಲ. ಅದೂ ಟೂ ಸ್ಟ್ರೋಕ್, ಇದೂ ಟೂ ಸ್ಟ್ರೋಕ್. ನನ್ನ ಯೆಜ್ಡಿಯನ್ನು ವಿಮಾನ ಹತ್ತುವ ಹಿಂದಿನ ವಾರ ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಟ್ಟು ಬಂದಿದ್ದೆ.

ಹೊಗೆಗೆ ಬೈಯಲೆಂದು ಬಂದ ನನ್ನವಳು ಬಾಗಿಲಲ್ಲೇ ನಿಂತಳು. ಒಂದೆರಡು ಸಲ ಮೂಗೆಳೆದಳು. ಆಮೇಲೆ ದಪ್ಪ ಜಾಕೆಟ್ಟನ್ನು ಸೆರಗಿನ ಹಾಗೆ ಮುಂದಕ್ಕೆ ಎಳೆದುಕೊಂಡು, ಉದ್ದನೆಯ ಸೀಟಿನ ಮೇಲೆ ಎರಡೂ ಕಾಲು ಒಂದೇ ಕಡೆ ಹಾಕಿ ಕೂತು, ನನ್ನ ಹೆಗಲು ಹಿಡಿದುಕೊಂಡಳು.

"ನಿಧಾನಕ್ಕೆ ಹೋಗಿ" ಅಂದಳು.

ಗಾಡಿ ನಿಂತಲ್ಲೇ ಗುಡುಗುಡು ಅನ್ನುತ್ತಿತ್ತು. ನಾನು ನಿಧಾನಕ್ಕೇ ಹೋದೆ.