ಗಾಳಿಯ ಪಹಣಿ

ಕೊಪ್ಪಳ ಜಿಲ್ಲೆಯಲ್ಲಿ ಪಂಚಭೂತಗಳ ಪಾಲುಪಟ್ಟಿ ಮುಗಿದು ಬಹಳ ವರ್ಷವಾಯಿತು. ತುಂಗಭದ್ರೆಯ ನೀರು ಗಂಗಾವತಿಯ ಗದ್ದೆಗೆ ಹೋಗಿ ಭತ್ತವಾಯಿತು. ಗಿಣಿಗೇರಿ ಕಾರ್ಖಾನೆಗಳ ಹೊಗೆ ಕೊಪ್ಪಳದ ಪಾಲಾಯಿತು. ಕುಷ್ಟಗಿ, ಯಲಬುರ್ಗಾಕ್ಕೆಂದು ಹೊರಟ ಕೃಷ್ಣೆ ಬಹುಪಾಲು ಭಾಷಣಗಳಲ್ಲೇ ಹರಿದಳು. ಅವರಿಗೆ ಉಳಿದದ್ದು ಬರೀ ಗಾಳಿ. ಈಗ ಅದಕ್ಕೂ ಗಿರಾಕಿ ಬಂದಿದ್ದಾರೆ.

2024–25ರಲ್ಲಿ ಹೊಸ ಪವನ ವಿದ್ಯುತ್ ಸಾಮರ್ಥ್ಯ ಸೇರಿಸಿದ್ದರಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು: 1,331 ಮೆಗಾವಾಟ್. ಕಲ್ಲಿದ್ದಲು ಬೇಡ, ಹೊಗೆಯಿಲ್ಲ. ತಕರಾರು ತೆಗೆಯುವವನು ದೇಶದ್ರೋಹಿ. ಎರಿ ಹೊಲಕ್ಕೆ ಫ್ಯಾನಿನ ರೆಕ್ಕೆ ಹೊತ್ತ ಟ್ರೇಲರ್ ಬರುತ್ತದೆಂದರೆ ದಾರಿಗೆ ರಾತ್ರೋರಾತ್ರಿ ಗರಸು ಬೀಳುತ್ತದೆ, ತಿರುವು ಅಗಲವಾಗುತ್ತದೆ, ಅಡ್ಡ ಬಂದ ತಂತಿ ತಾನೇ ಮೇಲೇಳುತ್ತದೆ. ಬಸುರಿಯನ್ನು ಹೊತ್ತ ಅಂಬುಲೆನ್ಸು 60 ಮೀಟರ್ ಉದ್ದವಿಲ್ಲ, ಅದರ ಗ್ರಹಚಾರ.

ಆಷಾಢದ ಗಾಳಿ ಬಿಟ್ಟಾಗ ನೋಡಬೇಕು ತಮಾಷೆ. ವೇಗ ಎರಡು ಪಟ್ಟಾದರೆ ಗಾಳಿಯೊಳಗಿನ ಶಕ್ತಿ ಎಂಟು ಪಟ್ಟಾಗುತ್ತದೆ, ಫ್ಯಾನಿಗೆ ಸುಗ್ಗಿ. ಊರೊಳಗಿನ ವಾಲಿದ ಕಂಬಕ್ಕೂ ಬಡಿಯುವುದು ಅದೇ ಗಾಳಿ. ತಂತಿಗೆ ತಂತಿ ತಾಗುತ್ತದೆ, ಫ್ಯೂಸು ಹಾರುತ್ತದೆ, ಗಿರಣಿಯಲ್ಲಿ ಜೋಳ ಅರ್ಧ ಬೀಸಿದಲ್ಲಿಗೇ ನಿಲ್ಲುತ್ತದೆ. ಫೋನು ಹಚ್ಚಿದರೆ ಆ ಕಡೆಯಿಂದ ಉತ್ತರ ಸಿದ್ಧ: "ಗಾಳಿ ಭಾಳ ಐತ್ರೀ, ನಿಂತ ಮ್ಯಾಲೆ ಕೊಡ್ತೀವಿ." ಗಾಳಿ ನಿಂತಿತು, ಊರಿಗೆ ಕರೆಂಟು ಬಂತು, ಫ್ಯಾನು ನಿಂತಿತು. ಗಾಳಿಯಿಂದ ಕರೆಂಟು ಎಂದು ಊರ ಹಿರಿಯರನ್ನು ನಂಬಿಸುವುದು ಹೇಗೆ?

ಊರ ತಲೆಯ ಮೇಲಿಂದಲೇ ಹಾಯ್ದ ಹೈಟೆನ್ಶನ್ ಲೈನಿಗೆ ಇಂಥ ಕಾಯಿಲೆಯಿಲ್ಲ. ಅದು ಯಾವ ಬಿರುಗಾಳಿಗೂ ಜಗ್ಗದೆ ದೂರದ ಗಿರಾಕಿಗೆ ಕರೆಂಟು ಮುಟ್ಟಿಸುತ್ತದೆ. ಕೆಳಗೆ ಪಂಪ್‌ಸೆಟ್ಟಿನವನು 7 ತಾಸಿನ ತ್ರೀಫೇಸಿಗಾಗಿ ನಡುರಾತ್ರಿ ಬ್ಯಾಟರಿ ಹಿಡಿದು ಕೂತಿರುತ್ತಾನೆ.

ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ತೂರಿಕೊಂಡವರು ಬೇರೆಯವರು, ಕಾಳು ಅವರ ಚೀಲಕ್ಕೆ, ಹೊಟ್ಟು ನಮ್ಮ ಕಣ್ಣಿಗೆ. ಕಂಬ ನಿಂತ ಹೊಲದವನಿಗೆ ಲೀಸಿನ ದುಡ್ಡು, ಮಾತು ಕುದುರಿಸಿದ ಏಜೆಂಟನಿಗೆ ಕಮಿಷನ್ನು, ಬಾಜೂ ಹೊಲದವನಿಗೆ ಗರಗರ ತಿರುಗುವ ನೆರಳು. ಗಾಳಿಯಲ್ಲೇ ಪಾಲು ಕೇಳೋಣವೆಂದರೆ ಅದಕ್ಕೆ ಪಹಣಿ ಇಲ್ಲ. ಮಾಡಿಸಿದರೂ ಬದಲಾಗುವುದು ಅಷ್ಟರಲ್ಲೇ ಇದೆ: 9ನೇ ಕಾಲಂನಲ್ಲಿ ಕಂಪನಿಯ ಹೆಸರು, ಋಣಭಾರದ 11ನೇ ಕಾಲಂನಲ್ಲಿ ಊರಿನದು.