ವಾಯಿದೆ ಉಂಟು, ಆದರೆ ಇಲ್ಲ

ಕಾಪು ಪೇಟೆಯ ಟ್ರಾವೆಲ್ಸ್ ಅಂಗಡಿ. ಸುಮತಿಯಕ್ಕ ಸೆರಗಿನ ಗಂಟಿನಿಂದ ಪಾಸ್‌ಪೋರ್ಟ್ ಬಿಚ್ಚಿದರು.

"ಮಗಳ ಬಾಣಂತನ. ದುಬೈಗೆ ವಿಸಿಟ್ ವೀಸಾ ಮಾಡಿಸು ಮಾರಾಯ."

"ಇದು ಆಗ್ಲಿಕ್ಕಿಲ್ಲ ಅಕ್ಕ."

"ಎಂತಕ್ಕೆ? ನಾಲ್ಕು ತಿಂಗಳು ವಾಯಿದೆ ಉಂಟು. ನಾನಿರುವುದು 30 ದಿನ."

"ಆರು ತಿಂಗಳು ಬಾಕಿ ಇರ್ಬೇಕು."

"ಹಾಗಾದ್ರೆ 10 ವರ್ಷದ್ದು ಒಂಬತ್ತೂವರೆಗೇ ತೀರ್ತದಾ? ಕಟ್ಟಿದ 1,500ರಲ್ಲಿ 75 ರೂಪಾಯಿ ವಾಪಸ್ ಕೊಡ್ಸು."

"ನಮ್ಮ ದೇಶಕ್ಕೆ ಇ-ವೀಸಾದಲ್ಲಿ ಬರುವವರಿಗೂ ಆರೇ ಅಕ್ಕ."

"ಓ, ಮುಯ್ಯಿಗೆ ಮುಯ್ಯಿ! ಕಾರ್ಕಳದ ನಮ್ಮ ಜಾಗದ ಕೇಸಿಗೆ ವಾಯಿದೆ ಮೇಲೆ ವಾಯಿದೆ. ಅದರಿಂದ ಎರಡು ತಿಂಗಳು ಇದಕ್ಕೆ ಹಾಕ್ಲಿಕ್ಕಾಗ್ತದಾ?"

"ರಿನ್ಯೂ ಮಾಡಿಸಿ, ಅಷ್ಟೇ."

"ಮಗಳಿಗೆ ದಿನ ತುಂಬಿದೆ. ಹೊಟ್ಟೆಯಲ್ಲಿರುವುದಕ್ಕೂ ಆರು ತಿಂಗಳು ಬಾಕಿ ಇಟ್ಕೊ ಅಂತ ನೀನೇ ಫೋನ್ ಮಾಡಿ ಹೇಳು."